ಪೈಪು ಮುಟ್ಟುವಷ್ಟು ಹಿತ್ತಲು

ನನ್ನ ಮೂಗಿಗೆ ಹಾಕಿರುವ ಪೈಪು ಹಿತ್ತಲಿನ ಪೇರಲೆ ಮರದವರೆಗೆ ಬರುತ್ತದೆ. ಅದರಾಚೆ ಬಸಳೆ ಚಪ್ಪರ, ಚಪ್ಪರದಾಚೆ ಕಾಂಪೌಂಡು. ಅಲ್ಲಿಗೆ ಬರುವುದಿಲ್ಲ. ಪೈಪಿನ ಇನ್ನೊಂದು ತುದಿ ಅಡುಗೆಮನೆ ಕಿಟಕಿಯ ಒಳಗೆ ಆಕ್ಸಿಜನ್ ಮಷೀನಿಗೆ ಸಿಕ್ಕಿಕೊಂಡಿದೆ. ಮಷೀನು ಕೂರಿಸಲು ಬಂದವನನ್ನು, ಇನ್ನೂ ಉದ್ದದ್ದು ಹಾಕಿಕೊಡಪ್ಪಾ ಅಂತ ಕೇಳಿದೆ. ಉದ್ದ ಹೆಚ್ಚಾದರೆ ಗಾಳಿಯ ಬಲ ಕಮ್ಮಿಯಾಗುತ್ತೆ ಸಾರ್, ಇಷ್ಟೇ ಅಂದ. ಹಾಗಾಗಿ ನಾನೇ ಇಟ್ಟಿಗೆ ಹೊತ್ತು ಕಟ್ಟಿಸಿದ ಮನೆಯ ಹಿಂದೆ, ಮೂರರಲ್ಲಿ ಎರಡು ಪಾಲು ಹಿತ್ತಲು ಮಾತ್ರ ಈಗ ನನ್ನದು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯುವುದು ನನ್ನ ಕಸುಬಲ್ಲ. ಆದರೆ ಆಸ್ಪತ್ರೆಯ ಎದೆ ವಿಭಾಗದ ಬಾಗಿಲ ಹೊರಗೆ, ಎಕ್ಸ್‌ರೇ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತವರನ್ನು ಎರಡು ವರ್ಷದಿಂದ ನೋಡುತ್ತಿದ್ದೇನೆ. ಒಬ್ಬರಿಗೊಬ್ಬರು ನಿಜ ಹೇಳುವುದಿಲ್ಲ. ಸ್ವಲ್ಪ ಕೆಮ್ಮು ಅನ್ನುತ್ತಾರೆ, ಕಫ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ. ಹಾಗೆ ಅನ್ನುತ್ತಾ ಎಷ್ಟು ದಿನ ಕಳೆದುಕೊಂಡೆ ಅನ್ನುವುದು ಗೊತ್ತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಊರು ಭದ್ರಾವತಿ. ಅಲ್ಲಿ ಹುಟ್ಟಿದವರಿಗೆ ಕಬ್ಬಿಣದ ಕೆಲಸ ಹೊಸದಲ್ಲ. ಮೀಸೆ ಮೂಡುವ ಹೊತ್ತಿಗೆ ಅಲ್ಲಿನ ಒಂದು ಸಣ್ಣ ಫೌಂಡ್ರಿಗೆ ಸೇರಿದೆ. ಅಚ್ಚು ಕಟ್ಟುವ ಕೆಲಸ. ಪೆಟ್ಟಿಗೆಯೊಳಗೆ ಮರದ ಮಾದರಿ ಇಟ್ಟು, ಸುತ್ತ ಕರಿ ಮರಳು ತುಂಬಿ ಗುದ್ದಿ ಗಟ್ಟಿ ಮಾಡಬೇಕು. ಮಾದರಿಯನ್ನು ಹುಷಾರಾಗಿ ಎತ್ತಿದರೆ ಅದರ ಖಾಲಿ ಜಾಗ ಮರಳಲ್ಲಿ ಉಳಿಯುತ್ತದೆ. ಆ ಖಾಲಿಗೆ ಕರಗಿದ ಕಬ್ಬಿಣ ಎರೆಯಬೇಕು. ಆರಿದ ಮೇಲೆ ಮರಳು ಒಡೆದು ಮಾಲು ಹೊರಗೆ ತೆಗೆಯಬೇಕು. ಹಾಗೆ ಒಡೆಯುವಾಗ ಏಳುವ ಧೂಳಿನಲ್ಲಿ ಪಕ್ಕದವನ ಮುಖ ಕಾಣುವುದಿಲ್ಲ.

ಈ ಕೆಲಸ ನನಗೆ ಕಲಿಸಿದವರು ಸೆಲ್ವಣ್ಣ. ಅಪ್ಪನ ಕಾಲದಿಂದ ಭದ್ರಾವತಿಯಲ್ಲೇ ಇರುವ ತಮಿಳರು, ನನಗಿಂತ ಹತ್ತು ವರ್ಷ ದೊಡ್ಡವರು. ಮೊದಲ ದಿನ ಕೆಲಸ ಮುಗಿಸಿ ಮುಖ ತೊಳೆಯುತ್ತಿದ್ದಾಗ ನಿಂಬೆಹಣ್ಣಿನಷ್ಟು ದೊಡ್ಡ ಬೆಲ್ಲದ ಉಂಡೆಯನ್ನು ನನ್ನ ಅಂಗೈಗೆ ಇಟ್ಟು ಹೇಳಿದ್ದರು: "ತಿನ್ನುಡಾ ಚಂದ್ರಾ. ಗಂಟಲಲ್ಲಿರೋ ಮರಳೆಲ್ಲ ಕೆಳಗಿಳಿಯುತ್ತೆ."

ಫೌಂಡ್ರಿ ಕೆಲಸ ಮಾಡಿದವರಿಗೆ ಈ ಬೆಲ್ಲ ಗೊತ್ತು. ಗೇಟಿನ ಹತ್ತಿರ ಒಂದು ಡಬ್ಬಿ ಇರುತ್ತದೆ. ಪಾಳಿ ಮುಗಿಸಿ ಹೋಗುವವರೆಲ್ಲ ಒಂದೊಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ. ನಮ್ಮ ಕಡೆ ಆಲೆಮನೆಗಳಿಗೆ ಕಮ್ಮಿಯಿಲ್ಲ, ಬೆಲ್ಲ ಚೆನ್ನಾಗಿಯೇ ಇರುತ್ತಿತ್ತು. ಆಮೇಲೆ ನಾವಿಬ್ಬರೂ ಆ ಕೆಲಸ ಬಿಟ್ಟು ಶಿವಮೊಗ್ಗ ದಾರಿಯ ಇನ್ನೊಂದು ಫೌಂಡ್ರಿಗೆ ಸೇರಿದೆವು. ಅಲ್ಲೂ ಬೆಲ್ಲದ ಡಬ್ಬಿ ಇತ್ತು. ನಾನು ಮೇಸ್ತ್ರಿಯಾದ ಮೇಲೆ ಡಬ್ಬಿ ತುಂಬಿಸುವ ಜವಾಬ್ದಾರಿ ನನ್ನದೇ ಆಯಿತು. ಯಾರಾದರೂ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬಂದರೆ ನಾನು ಬಿಡುತ್ತಿರಲಿಲ್ಲ. ಮದುವೆ ಹೆಣ್ಣಿನ ಹಾಗೆ ಮುಖ ಮುಚ್ಚಿಕೊಂಡು ಕಬ್ಬಿಣ ಎರೆಯುತ್ತೀಯೇನಯ್ಯಾ, ಬೆಲ್ಲ ತಿನ್ನು, ಏನೂ ಆಗಲ್ಲ ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಮಾಸ್ಕ್ ಕಿಸೆಗೆ ಹೋಗುತ್ತಿತ್ತು. ಆ ನಗು ನೆನಪಾದರೆ ಈಗಲೂ ಊಟ ಸೇರುವುದಿಲ್ಲ.

ಶಿವಮೊಗ್ಗದ ಗೋಪಾಳದಲ್ಲಿ ಮನೆ ಕಟ್ಟಿದ್ದು ಮಗಳು ಪಲ್ಲವಿ ಹೈಸ್ಕೂಲಿಗೆ ಹೋಗುತ್ತಿದ್ದಾಗ. ಸೈಟು ಚಿಕ್ಕದು. ಪೂರ್ತಿ ಕಟ್ಟಿಬಿಡೋಣ, ಹಿಂದೆ ಒಂದು ರೂಮು ಬಾಡಿಗೆಗೆ ಕೊಡಬಹುದು ಅಂತ ನನ್ನ ಲೆಕ್ಕ. ಹೆಂಡತಿ ಗಿರಿಜ ಒಪ್ಪಲಿಲ್ಲ. ಮದುವೆಯಾದಾಗಿನಿಂದ ವಠಾರದ ಮನೆಗಳಲ್ಲೇ ಇದ್ದವಳು, ನನಗೆ ಒಂದು ಹಿತ್ತಲು ಬೇಕು ಅಂತ ಹಟ ಹಿಡಿದಳು. ಅವಳು ಕೇಳಿದ್ದು ಅದೊಂದೇ. ಬಟ್ಟೆ ಒಗೆಯುವ ಕಲ್ಲು, ಒಂದು ಪೇರಲೆ ಗಿಡ, ಕರಿಬೇವು, ಬಸಳೆ ಬಳ್ಳಿ, ಕನಕಾಂಬರದ ಸಾಲು ಎಲ್ಲ ಅವಳೇ ಮಾಡಿಕೊಂಡಳು. ಮಧ್ಯಾಹ್ನ ಕೆಲಸವೆಲ್ಲ ಮುಗಿದ ಮೇಲೆ ಒಗೆಯುವ ಕಲ್ಲಿನ ಮೇಲೆ ಕೂತು ಹೂ ಕಟ್ಟುತ್ತಿದ್ದಳಂತೆ. ನಾನು ನೋಡಿದವನಲ್ಲ. ಭಾನುವಾರವೂ ಓವರ್‌ಟೈಮ್ ಕೆಲಸಕ್ಕೆ ಹೋಗುತ್ತಿದ್ದೆ. ಮನೆಯಲ್ಲಿದ್ದ ದಿನ ನಲ್ಲಿ ಬಿಚ್ಚುವುದು, ತಾರಸಿ ಗುಡಿಸುವುದು, ಏನಾದರೂ ಒಂದು.

ಬನ್ನಿ, ಒಂದು ಗಳಿಗೆ ಕೂತ್ಕೊಳ್ಳಿ ಅಂತ ಕರೆಯುತ್ತಿದ್ದಳು. ಕೂತು ತಿನ್ನುವವನಲ್ಲ ನಾನು ಅನ್ನುತ್ತಿದ್ದೆ. ಅದೇ ನನ್ನ ಜಂಬ.

ಕೂರುವುದಕ್ಕೆ ಅಲ್ಲಿ ಜಾಗವೂ ಇರಲಿಲ್ಲ ಅನ್ನಿ. ನಮ್ಮ ಫೌಂಡ್ರಿಯಲ್ಲಿ ಪಾರ್ಕುಗಳಿಗೆ ಹಾಕುವ ಬೆಂಚಿನ ಕಬ್ಬಿಣದ ಕಾಲುಗಳನ್ನು ಎರೆಯುತ್ತಿದ್ದೆವು. ಬಳ್ಳಿ, ಎಲೆಯ ವಿನ್ಯಾಸ. ಮಾದರಿಯಲ್ಲಿ ಒಂದು ಎಲೆಯ ತುದಿ ಮುರಿದಿತ್ತು, ಹಾಗಾಗಿ ನಾವು ಎರೆದ ಪ್ರತಿ ಕಾಲಿನಲ್ಲೂ ಆ ಎಲೆ ಮೊಂಡು. ಮನೆಯ ಗೃಹಪ್ರವೇಶವಾದ ವರ್ಷ, ಎರಕದೊಳಗೆ ಗಾಳಿ ಉಳಿದು ಗುಳ್ಳೆ ಬಿದ್ದು ರಿಜೆಕ್ಟ್ ಆದ ಒಂದು ಜೊತೆ ಕಾಲನ್ನು ಮಾಲೀಕರನ್ನು ಕೇಳಿ ತಂದೆ. ಹಲಗೆ ಹಾಕಿ ಬೆಂಚು ಮಾಡಿಕೊಡುತ್ತೇನೆ ಅಂದೆ. ಕಾಂಪೌಂಡಿಗೆ ಒರಗಿಸಿಟ್ಟೆ. ಅದು ಹಾಗೇ ಇತ್ತು. ಮಗಳ ಓದು ಮುಗಿಯಿತು, ಹೊಳೆಹೊನ್ನೂರಿಗೆ ಮದುವೆ ಮಾಡಿ ಕೊಟ್ಟೆವು. ಕಾಲುಗಳು ತುಕ್ಕು ಹಿಡಿದುಕೊಂಡು ಅಲ್ಲೇ ನಿಂತಿದ್ದವು.

ಕೆಮ್ಮು ಯಾವಾಗ ಶುರುವಾಯಿತು ಅಂತ ಹೇಳಲಾರೆ. ನಮ್ಮಲ್ಲಿ ಕೆಮ್ಮದವರು ಯಾರೂ ಇರಲಿಲ್ಲ. ಆಮೇಲೆ ಏದುಸಿರು. ಕರಗಿದ ಕಬ್ಬಿಣದ ಕೊಳಗ ಹಿಡಿದು ನಡೆಯುವಾಗ ನಡುವೆ ನಿಲ್ಲಬೇಕಾಗುತ್ತಿತ್ತು. ಯಾರಿಗೂ ಕಾಣದಿರಲಿ ಅಂತ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುವ ನೆಪ ಮಾಡುತ್ತಿದ್ದೆ. ತೂಕ ಇಳಿಯಿತು. ಗಿರಿಜ ಬಲವಂತ ಮಾಡಿ ಒಂದು ಕ್ಲಿನಿಕ್ಕಿಗೆ ಕಳಿಸಿದಳು. ಒಬ್ಬನೇ ಹೋದೆ.

ಅಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಕೆಲಸ ಏನು ಅಂತ. ಕಂಪನಿಯಲ್ಲಿ ಸೂಪರ್‌ವೈಸರ್ ಅಂದೆ.

ಯಾಕೆ ಹಾಗಂದೆ ಅಂತ ಬಹಳ ಸಲ ಯೋಚಿಸಿದ್ದೇನೆ. ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹೋಗಿದ್ದೆ. ಪಕ್ಕದಲ್ಲಿ ಬ್ಯಾಂಕಿನವರೊಬ್ಬರು ಕೂತಿದ್ದರು. ಮರಳು ಗುದ್ದುತ್ತೇನೆ ಅನ್ನಲು ನಾಲಿಗೆ ಬರಲಿಲ್ಲ. ಡಾಕ್ಟರು ಸೂಪರ್‌ವೈಸರ್ ಅಂತ ಬರೆದುಕೊಂಡರು. ಎಕ್ಸ್‌ರೇಯಲ್ಲಿ ಕಲೆಗಳು ಕಂಡವು. ಕೆಮ್ಮು, ತೂಕ ಇಳಿದದ್ದು, ಕಲೆ ಎಲ್ಲ ಸೇರಿಸಿ ಟಿಬಿ ಇರಬೇಕು ಅಂದರು. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಅವರ ಕೈಗೆ ನಾನು ಕೊಟ್ಟದ್ದೇ ಸುಳ್ಳು ಮಾದರಿ. ಅದರಿಂದ ಬೇರೆ ಎಂಥ ಮಾಲು ಬರುತ್ತದೆ?

ಆರು ತಿಂಗಳು ಟಿಬಿ ಮಾತ್ರೆ ನುಂಗಿದೆ. ಮನೆಯಲ್ಲಿ ತಟ್ಟೆ ಲೋಟ ಬೇರೆ ಮಾಡಿಕೊಂಡೆ. ಮೊಮ್ಮಗು ಬಂದರೆ ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದೆ. ಫೌಂಡ್ರಿಯಲ್ಲಿ ಯಾರಿಗೂ ಹೇಳಲಿಲ್ಲ, ಒಂದು ದಿನವೂ ರಜೆ ಹಾಕಲಿಲ್ಲ. ಮಾತ್ರೆ ನುಂಗಿ ಧೂಳಿಗೆ ಹೋಗುತ್ತಿದ್ದೆ, ಧೂಳಿನಿಂದ ಬರುವಾಗ ಬೆಲ್ಲ ತಿನ್ನುತ್ತಿದ್ದೆ. ಮೊದಲು ಒಂದು ಚೂರು ತಿನ್ನುತ್ತಿದ್ದವನು ಎರಡು ತಿನ್ನತೊಡಗಿದ್ದೆ.

ಆರು ತಿಂಗಳಾದರೂ ಕಲೆ ಕರಗಲಿಲ್ಲ, ಇನ್ನಷ್ಟು ಹೆಚ್ಚಾಗಿತ್ತು. ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಈ ಸಲ ಗಿರಿಜ ಜೊತೆಗೆ ಬಂದಳು. ಬೆಳಿಗ್ಗೆ ಎಂಟಕ್ಕೆ ಚೀಟಿ ಮಾಡಿಸಿ ಕೂತವರಿಗೆ ಒಳಗೆ ಕರೆ ಬಂದದ್ದು ಹನ್ನೊಂದೂವರೆಗೆ. ಕುರ್ಚಿಗಳೆಲ್ಲ ತುಂಬಿದ್ದವು. ನಾನು ಗೋಡೆಗೆ ಒರಗಿ ನಿಂತು ಉಸಿರು ಎಳೆಯುತ್ತಿದ್ದೆ. ಗುರುತಿಲ್ಲದ ಒಬ್ಬ ಮುದುಕಿ, ಅವಳಿಗೇ ಗೂರಲು, ತನ್ನ ಕುರ್ಚಿಯಲ್ಲಿ ಅರ್ಧಕ್ಕೆ ಸರಿದು ಉಳಿದರ್ಧವನ್ನು ಕೈಯಿಂದ ತಟ್ಟಿ ತೋರಿಸಿದಳು. ಕೂರೋಕೇನು ನಾಚಿಕೆ ಮಗಾ ಅಂದಳು. ಕೂತೆ. ಅಷ್ಟು ದಿನದಲ್ಲಿ ಯಾರೋ ಹೇಳಿದ್ದನ್ನು ಮರುಮಾತಿಲ್ಲದೆ ಕೇಳಿದ್ದು ಅದೇ ಮೊದಲು.

ಒಳಗಿದ್ದದ್ದು ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡ ಹೆಣ್ಣುಮಗಳು. ಹಳೆಯ ಚೀಟಿ ನೋಡಿ, ಸೂಪರ್‌ವೈಸರಾ ಅಂದರು. ನಾನು ಹ್ಞೂಂ ಅಂದೆ. ಗಿರಿಜ ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿದಳು.

"ಮರಳಿನ ಕೆಲಸ ಇವ್ರದ್ದು, ಡಾಕ್ಟ್ರೇ. ಫೌಂಡ್ರಿ. ಇಪ್ಪತ್ತೇಳು ವರ್ಷದಿಂದ ಬಟ್ಟೆ ಒಗೀತಿರೋಳು ನಾನು. ಒದರಿದ್ರೆ ಹಿತ್ತಲೆಲ್ಲ ಧೂಳು, ನೆನೆಸಿದ್ರೆ ನೀರೆಲ್ಲ ಕಪ್ಪು. ಇವ್ರು ಹೇಳಲ್ಲ, ನಾನು ಹೇಳ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮೊದಲಿಂದ ಎಲ್ಲ ಕೇಳಿದರು. ಎಷ್ಟು ವರ್ಷ, ಯಾವ ಕೆಲಸ, ಬಾಯಿಗೆ ಏನು ಕಟ್ಟುತ್ತಿದ್ದಿರಿ. ಏನೂ ಇಲ್ಲ, ಬೆಲ್ಲ ತಿನ್ನುತ್ತಿದ್ದೆವು ಅಂದೆ. ಅವರು ನಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ.

"ಬೆಲ್ಲ ಹೋಗೋದು ಹೊಟ್ಟೆಗೆ, ಚಂದ್ರಪ್ಪೋರೇ. ಧೂಳು ಹೋಗೋದು ಲಂಗ್ಸಿಗೆ. ಎರಡಕ್ಕೂ ದಾರಿ ಬೇರೆ."

ಇಷ್ಟು ಸಣ್ಣ ಮಾತು. ಮೂವತ್ತಾರು ವರ್ಷದಲ್ಲಿ ನಮಗೆ ಯಾರೂ ಹೇಳಿರಲಿಲ್ಲ, ನಾವೂ ಯಾರನ್ನೂ ಕೇಳಿರಲಿಲ್ಲ.

ಸಿಟಿ ಸ್ಕ್ಯಾನು, ಉಸಿರು ಊದುವ ಪರೀಕ್ಷೆ, ಕಫದ ಪರೀಕ್ಷೆ ಎಲ್ಲ ಆದ ಮೇಲೆ ಹೆಸರು ಹೇಳಿದರು, ಸಿಲಿಕೋಸಿಸ್ ಅಂತ. ಒಳಗೆ ಹೋದ ಮರಳು ಹೊರಗೆ ಬರುವುದಿಲ್ಲ, ಕೆಟ್ಟ ಜಾಗ ಮತ್ತೆ ಸರಿಯಾಗುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು ಅಂದರು. ಆಪರೇಷನ್ ಮಾಡಿ ತೊಳೆದು ತೆಗೆಯೋಕಾಗಲ್ವಾ ಅಂತ ಗಿರಿಜ ಕೇಳಿದಳು. ನೀರು ಕಪ್ಪಾಗುವುದು ನಿಲ್ಲುವವರೆಗೂ ಎರಡೆರಡು ಸಲ ಜಾಲಿಸುವವಳು ಅವಳು. ಡಾಕ್ಟರು ತಲೆ ಅಲ್ಲಾಡಿಸಿದರು. ಆಮೇಲೆ ನನಗೆ ಹೊಳೆಯದ ಒಂದು ಮಾತು ಹೇಳಿದರು: ಇಷ್ಟು ವರ್ಷ ಆ ಬಟ್ಟೆ ಒದರಿದ್ದೀರಿ, ನೀವೂ ಒಂದು ಎಕ್ಸ್‌ರೇ ತೆಗೆಸಿ ಬನ್ನಿ.

ಅವಳು ಎಕ್ಸ್‌ರೇ ರೂಮಿಗೆ ಹೋದಳು. ನಾನು ಹೊರಗೆ ಬಂದೆ. ನನ್ನ ಕಾಯಿಲೆಯ ಹೆಸರು ಕೇಳಿದಾಗ ಆಗದ ಭಯ ಆಗ ಆಯಿತು. ಬಾಡಿಗೆ ಮನೆಗಳಲ್ಲಿ, ಆಮೇಲೆ ಹಿತ್ತಲಲ್ಲಿ, ದಿನಾ ಸಂಜೆ ಅವಳು ನನ್ನ ಅಂಗಿಯನ್ನು ಪಟಪಟ ಒದರುತ್ತಿದ್ದದ್ದೇ ಕಣ್ಣ ಮುಂದೆ. ಅವಳು ಕೇಳಿ ಪಡೆದಿದ್ದು ಒಂದು ಹಿತ್ತಲು. ನಾನು ಅಲ್ಲಿಗೂ ಫೌಂಡ್ರಿ ತಂದು ಸುರಿದಿದ್ದೆ.

ಆಸ್ಪತ್ರೆಯ ಮುಂದಿನ ಮರದ ಕೆಳಗೆ ಒಂದು ಬೆಂಚಿತ್ತು. ಹೋಗಿ ಕೂತೆ. ಕೈ ಇಟ್ಟಲ್ಲಿ ಬೆರಳಿಗೆ ಏನೋ ಸಿಕ್ಕಿತು. ಬಗ್ಗಿ ನೋಡಿದೆ. ಬಳ್ಳಿ, ಎಲೆ, ಒಂದು ಎಲೆಯ ತುದಿ ಮೊಂಡು. ನಾನು ಕಟ್ಟಿದ ಅಚ್ಚಿನದೇ. ಎಷ್ಟು ನೂರು ಜೊತೆ ಎರೆದಿದ್ದೆನೋ, ಅದರ ಮೇಲೆ ಕೂತದ್ದು ಅವತ್ತೇ ಮೊದಲು.

ಮುಕ್ಕಾಲು ಗಂಟೆ ಬಿಟ್ಟು ಗಿರಿಜ ಬಂದಳು. ಕವರನ್ನು ನನ್ನ ಕೈಗೆ ಕೊಟ್ಟು, ಏನೂ ಇಲ್ಲವಂತೆ, ಸ್ವಚ್ಛ ಇದೆಯಂತೆ ಅಂದಳು. ಏನೋ ತಪ್ಪು ಮಾಡಿದವಳ ಹಾಗೆ ಮೆಲ್ಲಗೆ ಅಂದಳು. ನನಗೆ ಅಳು ಬಂತು. ಅಳುವುದಕ್ಕೂ ಉಸಿರು ಬೇಕು, ಹಾಗಾಗಿ ಬರೀ ಕೆಮ್ಮಾಯಿತು. ಅವಳು ಪಕ್ಕದಲ್ಲಿ ಕೂತು ಬೆನ್ನು ನೀವಿದಳು. ಸ್ವಲ್ಪ ಹೊತ್ತಿನ ಮೇಲೆ ಬೆಂಚಿನ ಕಾಲು ಮುಟ್ಟಿ ನೋಡಿದಳು.

"ಇದು ನಮ್ಮ ಹಿತ್ತಲಲ್ಲಿ ಬಿದ್ದಿರೋದೇ ಅಲ್ವಾ?"

"ಅದೇ. ಮನೆಗೆ ಹೋಗಿ ಜೋಡಿಸ್ತೀನಿ. ಇಬ್ರೂ ಕೂರೋಣ ಕಣೇ."

ಈ ಮಾತನ್ನು ಉಳಿಸಿಕೊಳ್ಳುವುದೊಂದೇ ಆಮೇಲೆ ನನ್ನ ಆಸೆಯಾಗಿ ಉಳಿಯಿತು. ದೊಡ್ಡ ಆಸೆಯೇನಲ್ಲ. ಹೆಂಡತಿಯ ಪಕ್ಕ ಹಿತ್ತಲಲ್ಲಿ ಅರ್ಧ ಗಂಟೆ ಸುಮ್ಮನೆ ಕೂರುವುದು.

ಫೌಂಡ್ರಿ ಬಿಟ್ಟೆ. ಬಿಡುವ ದಿನ ಬೆಲ್ಲದ ಡಬ್ಬಿಯ ಪಕ್ಕ ನಿಂತು ಎಲ್ಲರಿಗೂ ಡಾಕ್ಟರು ಹೇಳಿದ ಮಾತನ್ನು ಹಾಗೇ ಹೇಳಿದೆ. ಮಾಸ್ಕ್ ಕಟ್ಟಿ, ನನ್ನ ಮಾತು ಕೇಳಬೇಡಿ ಅಂದೆ. ಮೇಸ್ತ್ರಿಗೆ ಏನೋ ಆಗಿದೆ ಅಂತ ಪಿಸುಗುಟ್ಟಿದರು. ಕೆಲವರು ಕಟ್ಟಿಕೊಂಡರಂತೆ. ಡಬ್ಬಿ ಇನ್ನೂ ಇದೆಯಂತೆ.

ಮನೆಗೆ ಬಂದವನು ಬೆಂಚು ಜೋಡಿಸಲು ಹೋದೆ. ಒಂದು ಕಾಲನ್ನು ಎತ್ತಲಾಗಲಿಲ್ಲ. ಬರಿಗೈಯಲ್ಲಿ ಎರಡೆರಡು ಜೊತೆ ಹೊತ್ತವನು ನಾನು. ಅದನ್ನು ಅಲ್ಲೇ ಬಿಟ್ಟು ಒಗೆಯುವ ಕಲ್ಲಿನ ಮೇಲೆ ಕುಸಿದೆ. ಗಿರಿಜ ಒಳಗಿನಿಂದ ನೋಡಿದಳು, ನೋಡದವಳ ಹಾಗೆ ಒಳಗೇ ಇದ್ದಳು.

ಸಂಬಳ ನಿಂತಿತು. ಒಂದು ಸಂಜೆ ಗಿರಿಜ, ಸವಳಂಗ ರಸ್ತೆಯ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಜನ ಬೇಕಂತೆ, ನಾಳೆಯಿಂದ ಹೋಗುತ್ತೇನೆ ಅಂದಳು. ಕೇಳಲಿಲ್ಲ, ಹೇಳಿದಳು. ನಾನು ಅನ್ನಬಾರದ್ದೆಲ್ಲ ಅಂದೆ. ನಾನಿನ್ನೂ ಸತ್ತಿಲ್ಲ ಅಂದೆ. ನಮ್ಮ ಮನೆ ಹೆಂಗಸು ಇನ್ನೊಬ್ಬರ ಪಾತ್ರೆ ಮುಟ್ಟಬೇಕಾ ಅಂದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಪಾತ್ರೆ ತೊಳೆಯೋಕೆ ಬೇರೆಯವ್ರಿದ್ದಾರೆ. ನಾನು ಅಡುಗೆಯೋಳು. ನೀವು ಅಲ್ಲಿ ಮೇಸ್ತ್ರಿ ಆಗಿದ್ರಲ್ಲ, ನಾನು ಇಲ್ಲಿ ಮೇಸ್ತ್ರಿ. ಸೂಪರ್‌ವೈಸರ್ ಅಂತ ಬೇಕಾದ್ರೆ ಹೇಳ್ಕೊಳ್ಳಿ."

ಆ ಮಾತು ಚುಚ್ಚಿದ್ದು ನಿಜ. ನಗು ಬಂದದ್ದೂ ನಿಜ.

ಹೀಗೆ ನನ್ನ ಬಿಡುವು ಶುರುವಾದ ವಾರವೇ ಅವಳ ಬಿಡುವು ಮುಗಿಯಿತು. ಬೆಳಿಗ್ಗೆ ಐದಕ್ಕೆ ಎದ್ದು ಹೋದರೆ ಸಂಜೆ ಐದಕ್ಕೆ ಬರುವಳು. ಬಂದು ನಮ್ಮ ಮನೆಯ ಅಡುಗೆ. ವಾರಕ್ಕೊಂದು ರಜೆಯಲ್ಲಿ ಬಟ್ಟೆ, ನನ್ನ ಔಷಧಿಯ ಸಾಲು, ಪಲ್ಲವಿಯ ಮನೆಗೊಂದು ಸುತ್ತು. ಮಧ್ಯಾಹ್ನದ ಹಿತ್ತಲಲ್ಲಿ ಯಾರೂ ಇಲ್ಲ. ಕನಕಾಂಬರ ಗಿಡದಲ್ಲೇ ಒಣಗುತ್ತಿತ್ತು.

ಆಕ್ಸಿಜನ್ ಮಷೀನು ಬಂದದ್ದು ಅದಾಗಿ ಏಳೆಂಟು ತಿಂಗಳಿಗೆ. ದಿನದಲ್ಲಿ ಹದಿನಾರು ಗಂಟೆಗೆ ಕಡಿಮೆಯಿಲ್ಲದೆ ಹಾಕಿಕೊಂಡಿರಬೇಕು. ಮೂಗಿಗೆ ಪೈಪು ಸಿಕ್ಕಿಸಿಕೊಂಡ ಮೇಲೆ ನಾನು ಹಿತ್ತಲಿಗೂ ಇಳಿಯಲಿಲ್ಲ. ಹಿಂದಿನ ಮನೆಯ ಮಹಡಿಯಿಂದ ನಮ್ಮ ಹಿತ್ತಲು ಪೂರ್ತಿ ಕಾಣುತ್ತದೆ. ಮೂಗುದಾರ ಹಾಕಿದ ಎತ್ತಿನ ಹಾಗೆ ನನ್ನನ್ನು ಯಾರೂ ನೋಡುವುದು ಬೇಡ ಅಂತ ಎರಡು ತಿಂಗಳು ರೂಮಿನಲ್ಲೇ ಕೂತೆ. ಗೋಡೆ ನೋಡುತ್ತಿದ್ದೆ. ಮಾತೂ ಕಡಿಮೆಯಾಯಿತು. ಪಲ್ಲವಿ ಬಂದಾಗ ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ. ಅಪ್ಪ ಕೂತಿದ್ದನ್ನೇ ನೋಡಿರಲಿಲ್ಲ ನಾನು, ಈಗ ಏಳೋದನ್ನೇ ನೋಡ್ತಿಲ್ಲ ಅಂತ ಅವಳು ಅಮ್ಮನ ಹತ್ತಿರ ಅಂದದ್ದು ಕೇಳಿಸಿತು.

ಆಗ ಬಂದವರು ಸೆಲ್ವಣ್ಣ. ಅವರು ನನಗಿಂತ ಮೊದಲೇ ಕೆಲಸ ಬಿಟ್ಟು ಭದ್ರಾವತಿಯ ಮನೆಯಲ್ಲಿದ್ದರು. ಬಸ್ಸು ಹತ್ತಿ ಇಳಿದು, ಗಲ್ಲಿಯಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಂಡು ಬಂದಿದ್ದರು. ಕೈಯಲ್ಲಿ ಯಾವಾಗಿನಂತೆ ಪೇಪರಿನಲ್ಲಿ ಸುತ್ತಿದ ಬೆಲ್ಲ. ನನ್ನ ಮೂಗು ನೋಡಿದರು. ಹಿತ್ತಲಿಗೆ ಹೋಗಿ ಅಲ್ಲಿಂದಲೇ ಕೂಗಿದರು.

"ಏನ್ಡಾ ಚಂದ್ರಾ, ಈ ರಿಜೆಕ್ಟ್ ಮಾಲು ಇನ್ನೂ ಇಲ್ಲೇ ನಿಂತಿದೆಯಾ?"

"ನಾನೂ ಇಲ್ಲೇ ಇದೀನಲ್ಲ ಸೆಲ್ವಣ್ಣ. ಅದರಲ್ಲಿ ಗಾಳಿ ಉಳೀತು ಅಂತ ರಿಜೆಕ್ಟು, ನನ್ನಲ್ಲಿ ಉಳೀಲಿಲ್ಲ ಅಂತ ರಿಜೆಕ್ಟು."

ಇಬ್ಬರೂ ನಕ್ಕೆವು, ಇಬ್ಬರೂ ಕೆಮ್ಮಿದೆವು. ಅವರ ಕೆಮ್ಮು ನನ್ನದಕ್ಕಿಂತ ಒಣಗಿತ್ತು. ಅಣ್ಣ, ನೀವೊಂದು ಸ್ಕ್ಯಾನು ಮಾಡಿಸಿ, ನಾನು ಹೋಗೋ ಡಾಕ್ಟರ ಹತ್ತಿರಾನೇ ಕರ್ಕೊಂಡು ಹೋಗ್ತೀನಿ ಅಂದೆ. ಬೆಲ್ಲದ ದಾರಿ ಬೇರೆ, ಧೂಳಿನ ದಾರಿ ಬೇರೆ ಅನ್ನುವುದನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಪೊಟ್ಟಣದ ಪೇಪರನ್ನು ಮತ್ತೆ ಬಿಗಿಯಾಗಿ ಸುತ್ತಿದರು. ಹಾಗಾದ್ರೆ ನಿಂಗೆ ಸುಳ್ಳು ಹೇಳಿ ಕಲಿಸಿದೆನಲ್ಲಡಾ ಅಂದರು. ನಿಮಗೂ ಯಾರೋ ಹಾಗೇ ಕಲಿಸಿದ್ದು ಅಂದೆ. ಅದಕ್ಕಿಂತ ಹೆಚ್ಚು ಸಮಾಧಾನ ನನಗೆ ಗೊತ್ತಿರಲಿಲ್ಲ.

ಮುಂದಿನ ವಾರ ಮತ್ತೆ ಬಂದರು, ಆಟೋದಲ್ಲಿ. ನಾಲ್ಕು ಹಲಗೆ, ಬೋಲ್ಟು, ಸ್ಪ್ಯಾನರು. ಆಟೋದವನೇ ಕಬ್ಬಿಣದ ಕಾಲುಗಳನ್ನು ಎತ್ತಿಕೊಟ್ಟ. ಎಲ್ಲಿಡಬೇಕು ಅನ್ನುವುದನ್ನು ಸೆಲ್ವಣ್ಣ ತೀರ್ಮಾನಿಸಿದ ರೀತಿ ನಾನು ಮರೆಯುವುದಿಲ್ಲ. ನನ್ನನ್ನು ಕೈ ಹಿಡಿದು ಬಾಗಿಲಿನಿಂದ ಹೊರಗೆ ಕರೆದರು. ನಡಿ, ಪೈಪು ಬಿಗಿಯಾಗೋವರೆಗೆ ನಡಿ ಅಂದರು. ಮಹಡಿ ಕಡೆ ನೋಡದೆ ನಡೆದೆ. ಪೇರಲೆ ಮರದ ಹತ್ತಿರ ಪೈಪು ಮೂಗನ್ನು ಎಳೆಯಿತು. ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಚಪ್ಪಲಿಯಿಂದ ನೆಲದ ಮೇಲೆ ಗೆರೆ ಎಳೆದರು. ಆ ಗೆರೆಯ ಮೇಲೆ ಬೆಂಚು ನಿಂತಿತು. ನಾನು ಬೋಲ್ಟು ಹಿಡಿದುಕೊಂಡೆ, ಅವರು ತಿರುಗಿಸಿದರು. ಒಂದು ಬೋಲ್ಟಿಗೆ ಒಂದು ಸಲ ವಿಶ್ರಾಂತಿ. ಎಂಟು ಬೋಲ್ಟಿಗೆ ಮಧ್ಯಾಹ್ನವೇ ಹೋಯಿತು. ಅಷ್ಟು ಒಳ್ಳೆಯ ಮಧ್ಯಾಹ್ನ ನನ್ನ ಪಾಲಿಗೆ ಬಹಳ ಬಂದಿಲ್ಲ. ಗಿರಿಜ ಬರುವ ಮೊದಲೇ ಅವರು ಹೊರಟರು. ಗಂಡ ಹೆಂಡತಿ ಕೂರೋ ಬೆಂಚು, ನಾನ್ಯಾಕೆ ಮಧ್ಯ ಅಂದರು.

ಸ್ಕ್ಯಾನಿಗೆ ಮಾತ್ರ ಬರಲಿಲ್ಲ. ಹಬ್ಬ ಕಳೀಲಿ ಅಂದರು, ಮಳೆ ಕಳೀಲಿ ಅಂದರು. ಮಳೆ ಕಳೆಯುವ ಮೊದಲೇ, ಅವರು ಹೋಗಿಬಿಟ್ಟರು ಅಂತ ಅವರ ಹೆಂಡತಿ ಫೋನು ಮಾಡಿದರು.

ಸಣ್ಣ ಸಿಲಿಂಡರು ಇಟ್ಟುಕೊಂಡು ಆಟೋದಲ್ಲಿ ಭದ್ರಾವತಿಗೆ ಹೋದೆ. ಅವರ ಮನೆಗೆ ಹಿತ್ತಲಿಲ್ಲ, ಬಾಗಿಲು ತೆರೆದರೆ ರಸ್ತೆ. ಮೂವತ್ತು ವರ್ಷದಿಂದ ಅವರು ಸಂಜೆ ಕೂರುತ್ತಿದ್ದದ್ದು ಆ ಮೆಟ್ಟಿಲಿನ ಮೇಲೆ. ಒಳಗೆ ಮೊಳೆಗೆ ಅವರ ಶರಟು ನೇತುಹಾಕಿತ್ತು. ಗೋಡೆಯುದ್ದಕ್ಕೂ ಇರುವೆಗಳ ಸಾಲು ಹೋಗಿ ಶರಟಿನ ಕಿಸೆಯೊಳಗೆ ಇಳಿಯುತ್ತಿತ್ತು. ಕಿಸೆಯಲ್ಲಿ ಏನಿದೆ ಅಂತ ನಾನು ನೋಡಲಿಲ್ಲ, ಯಾರಿಗೂ ಹೇಳಲೂ ಇಲ್ಲ.

ಆಮೇಲೆ ನಾನು ಒಂದು ಕೆಲಸ ಕಲಿತೆ. ದಿನಾ ಮಧ್ಯಾಹ್ನ ಬೆಂಚಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತೇನೆ, ಸೊಪ್ಪು ಬಿಡಿಸುತ್ತೇನೆ, ಅಕ್ಕಿ ಆರಿಸುತ್ತೇನೆ. ಅವರೆಕಾಯಿಯ ಕಾಲದಲ್ಲಿ ಅವರೆ. ಅಚ್ಚಿನಿಂದ ಮಾದರಿ ಎತ್ತುವಾಗ ಅಂಚು ಮುರಿಯದಂತೆ ಎತ್ತುತ್ತಿದ್ದ ಬೆರಳುಗಳು, ಈ ಕೆಲಸಕ್ಕೆ ಬೇಗ ಒಗ್ಗಿದವು. ಹಿಂದಿನ ಮಹಡಿಯವರು ಮೊದಲು ಒಂದೆರಡು ದಿನ ನೋಡಿದರು. ಈಗ ಅವರೆ ಎಷ್ಟಕ್ಕೆ ಸಿಕ್ಕಿತು ಅಂತ ಮೇಲಿನಿಂದಲೇ ಕೇಳುತ್ತಾರೆ. ಹೇಳುತ್ತೇನೆ. ನನ್ನ ಲೆಕ್ಕ ಇಷ್ಟೇ: ನಾನು ಕೆಲಸ ಮಾಡಿದಷ್ಟೂ ಸಂಜೆ ಅವಳಿಗೆ ಹೊತ್ತು ಉಳಿಯುತ್ತದೆ, ಉಳಿದಷ್ಟು ಹೊತ್ತು ಅವಳು ಇಲ್ಲಿ ಕೂರಬಹುದು.

ಬಹಳ ದಿನ ಕೂರಲಿಲ್ಲ. ಉಳಿದ ಹೊತ್ತಿಗೆ ಇನ್ನೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು. ಬಾ ಮಾರಾಯ್ತಿ, ಒಂದು ಗಳಿಗೆ ಕೂತ್ಕೋ ಅಂತ ಈಗ ಕರೆಯುವವನು ನಾನು. ಬಂದೆ, ಬಂದೆ ಅನ್ನುವವಳು ಅವಳು. ಈ ಕರೆ ಅವಳ ಬಾಯಲ್ಲಿದ್ದಾಗ ನನಗೆ ಕೇಳಿಸುತ್ತಿರಲಿಲ್ಲ.

ಕಳೆದ ವಾರ ಬಂದಳು. ಎಲ್ಲ ಆಗಿತ್ತು, ಮಾಡಲು ಏನೂ ಸಿಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕ ಕೂತಳು. ಐದೂವರೆಯ ಬಿಸಿಲು ಕಾಂಪೌಂಡಿನ ಮೇಲಿತ್ತು. ಪೇರಲೆ ಈ ಸಲ ಚೆನ್ನಾಗಿ ಬಿಟ್ಟಿದೆ, ಅಳಿಲು ಅರ್ಧ ತಿಂದು ಉದುರಿಸುತ್ತದೆ. ಅವಳಿಗೆ ಹೇಳಬೇಕು ಅಂತ ತಿಂಗಳುಗಟ್ಟಲೆ ಕೂಡಿಟ್ಟ ಮಾತುಗಳಿದ್ದವು. ಎಲ್ಲಿಂದ ಶುರು ಮಾಡಲಿ ಅಂತ ನೋಡುವಷ್ಟರಲ್ಲಿ ಅವಳ ತಲೆ ವಾಲಿತು. ನಿದ್ದೆ. ಬೆಂಚಿನ ಒರಗುವ ಹಲಗೆಗೆ ಕುತ್ತಿಗೆ ಆನಿಸಿಕೊಂಡು, ಬಾಯಿ ಸ್ವಲ್ಪ ತೆರೆದುಕೊಂಡು. ಬೆರಳಿನಲ್ಲಿ ಎಣ್ಣೆ ಸಿಡಿದ ಗುಳ್ಳೆ. ಕೂದಲಿನಲ್ಲಿ ಒಗ್ಗರಣೆಯ ವಾಸನೆ. ನಾನು ದಿನಾ ಫೌಂಡ್ರಿಯಿಂದ ಬಂದು ಹೀಗೇ ಬೀಳುತ್ತಿದ್ದೆ. ಅವಳು ಹೀಗೇ ನೋಡುತ್ತಾ ಕೂತಿರಬೇಕು.

ಮಷೀನಿನ ಸದ್ದು ಕಿಟಕಿಯಿಂದ ದೊಡ್ಡದಾಗಿ ಕೇಳುತ್ತಿತ್ತು. ಬಾವಿ ಪಂಪಿನ ಹಾಗೆ ಗುರ್ ಅನ್ನುವುದು, ನಡುವೆ ಒಮ್ಮೆ ಉಸ್ ಅಂತ ಬಿಡುವುದು. ಇದರಲ್ಲಿ ಅವಳಿಗೆ ಎಚ್ಚರವಾದರೆ ಮತ್ತೆ ಎದ್ದು ಒಳಗೆ ಹೋಗುತ್ತಾಳೆ. ಹತ್ತು ನಿಮಿಷ ಪೈಪಿಲ್ಲದೆ ನಾನು ಇರಬಲ್ಲೆ. ಮೂಗಿನಿಂದ ಪೈಪು ತೆಗೆದು ಬೆಂಚಿನ ಮೇಲಿಟ್ಟೆ. ಗೋಡೆ ಹಿಡಿದು ಕಿಟಕಿಯವರೆಗೆ ಹೋಗಿ, ಕೈ ಒಳಗೆ ಹಾಕಿ ಸ್ವಿಚ್ಚು ಆರಿಸಿದೆ. ಹಿತ್ತಲು ಒಮ್ಮೆಲೇ ಸುಮ್ಮನಾಯಿತು. ಅಳಿಲು ಹಣ್ಣು ಕಡಿಯುವುದು ಕೇಳಿಸಿತು.

ವಾಪಸು ಬಂದು ಕೂರುವ ಮೊದಲೇ ಗಿರಿಜ ಬೆಚ್ಚಿ ಎದ್ದಳು. ಕಣ್ಣು ಪೂರ್ತಿ ಬಿಟ್ಟಿರಲಿಲ್ಲ, ಕೈ ಮಾತ್ರ ಬೆಂಚಿನ ಮೇಲೆ ನನ್ನನ್ನು ಹುಡುಕುತ್ತಿತ್ತು. ಖಾಲಿ ಹಲಗೆಯ ಮೇಲೆ ಪೈಪು ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಯಾಕೆ ಆರಿಸಿದ್ರಿ?"

"ನಿನ್ನ ನಿದ್ದೆ ಹಾಳಾಗಬಾರದು ಅಂತ."

"ಆ ಸದ್ದು ಇದ್ರೇನೇ ನಂಗೆ ನಿದ್ದೆ. ನಿಂತ್ರೆ ಎಚ್ಚರ ಆಗುತ್ತೆ. ಹಾಕಿ ಬನ್ನಿ."

ನಾನು ಮತ್ತೆ ಕಿಟಕಿಯವರೆಗೆ ಹೋದೆ. ಮಷೀನು ಗುರ್ ಅಂತ ಶುರುವಾಯಿತು. ಬಂದು ಪೈಪು ಹಾಕಿಕೊಂಡು ಕೂತೆ. ಅವಳು ಅದರ ತುದಿ ಸರಿಯಾಗಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿ, ಈ ಸಲ ನನ್ನ ಭುಜಕ್ಕೆ ಒರಗಿದಳು. ಸದ್ದು ಒಂದೇ ಸಮ ಆಗುತ್ತಿದ್ದಂತೆ ಅವಳ ಉಸಿರೂ ಒಂದೇ ಸಮವಾಯಿತು. ಬಿಸಿಲು ಕಾಂಪೌಂಡು ದಾಟಿ ಹೋಗುವವರೆಗೂ ನಾನು ಅಲುಗಾಡಲಿಲ್ಲ.